ಫಾಕ್ಸ್‌ಗ್ಲವ್ ವಿಷದ ಹೂವು ಅಂತಾರೆ, ಹೃದಯಕ್ಕೆ ಔಷಧಿ ಅಂತಲೂ ಅಂತಾರೆ. ಯಾವುದು ನಿಜ?

ಎರಡೂ ನಿಜ, ಕಾರಣವೂ ಒಂದೇ. ಈ ಗಿಡದ ಎಲೆ, ಹೂವು, ಬೀಜ ಎಲ್ಲದರಲ್ಲೂ ಹೃದಯದ ಮೇಲೆ ಕೆಲಸ ಮಾಡುವ ಅಂಶಗಳಿವೆ. ಹೃದಯದ ಜೀವಕೋಶದಿಂದ ಸೋಡಿಯಂ ಹೊರಹಾಕುವ ಪಂಪನ್ನು ಇವು ತಡೆಯುತ್ತವೆ. ಆಗ ಒಳಗೆ ಕ್ಯಾಲ್ಸಿಯಂ ಜಾಸ್ತಿಯಾಗಿ ಹೃದಯ ಬಲವಾಗಿ ಹಿಂಡುತ್ತದೆ, ಬಡಿತವೂ ನಿಧಾನವಾಗುತ್ತದೆ. ಮೈ ಊದಿಕೊಂಡ ರೋಗಿಗಳಿಗೆ ಇದನ್ನು ಕೊಟ್ಟ ಅನುಭವವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಪ್ರಕಟಿಸಿದ್ದರು.

ಇಂದು ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಎಂಬ ಮಾತ್ರೆ ಇದೇ ಕುಲದ ಇನ್ನೊಂದು ಗಿಡದಿಂದ ಬರುತ್ತದೆ. ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು 0.125 ಅಥವಾ 0.25 ಮಿಲಿಗ್ರಾಂ, ಅಷ್ಟೇ! ಸ್ವಲ್ಪ ಮೀರಿದರೂ ವಾಂತಿ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುವುದು, ಬಡಿತ ಏರುಪೇರಾಗುವುದು ಶುರುವಾಗಬಹುದು. ಆದ್ದರಿಂದ ಎಲೆಯ ಕಷಾಯ ಖಂಡಿತ ಬೇಡ. ಯಾವ ಎಲೆಯಲ್ಲಿ ಎಷ್ಟು ವಿಷವಿದೆ ಅಂತ ನೋಡಿ ಹೇಳಲು ಆಗುವುದಿಲ್ಲ.