ಪ್ರಮೋಷನ್ ಬೇಡ ಅಂದವರು ಯಾರು?

ಆತ್ಮೀಯರೇ,

ಮಹಿಳಾ ನೌಕರರ ಬಡ್ತಿ ಕುರಿತ ನಮ್ಮ ಲೇಖನ ಓದಿ ದಾವಣಗೆರೆಯಿಂದ ಬರೆದಿದ್ದೀರಿ. ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು ನೀವು. "ಹೆಣ್ಣುಮಕ್ಕಳಿಗೆ ಯಾರೂ ಅಡ್ಡ ನಿಂತಿಲ್ಲ, ಪ್ರಮೋಷನ್ ಬೇಡ ಅಂತ ಅವರೇ ಬರೆದುಕೊಡುತ್ತಾರೆ" ಎಂದಿದ್ದೀರಿ. ಬರೆದುಕೊಡುವುದು ನಿಜ. ಯಾಕೆ ಬರೆದುಕೊಡುತ್ತಾರೆ ಅನ್ನುವುದನ್ನೂ ನೋಡಬೇಕು, ಅಲ್ವಾ?

ಕ್ಲರ್ಕ್ ಆಗಿದ್ದವರು ಆಫೀಸರ್ ಆದರೆ ಬೆನ್ನಿಗೇ ವರ್ಗಾವಣೆ. ಗಂಡಸಾದರೆ ದೂರದ ಊರಲ್ಲಿ ಒಂದು ರೂಮು ಮಾಡಿಕೊಳ್ಳುತ್ತಾರೆ. ಮಕ್ಕಳ ಸ್ಕೂಲು, ಅಪ್ಪ ಅಮ್ಮನ ಔಷಧಿ ಎಲ್ಲ ಹೆಂಡತಿ ನೋಡಿಕೊಳ್ಳುತ್ತಾಳೆ. ಹೆಣ್ಣುಮಗಳು ಹೊರಟರೆ ಇದೆಲ್ಲ ಯಾರು ನೋಡಬೇಕು? "ಬೇಡ" ಎಂದು ಬರೆಯುವ ಮೊದಲು ಮನೆಯಲ್ಲಿ ನಡೆದ ಮಾತು ಫೈಲಿಗೆ ಬರುವುದಿಲ್ಲ.

ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಸೇರುವಾಗಲೇ ಅವರಿಂದ ಬರೆಸಿಕೊಂಡರು. ಅದನ್ನು ಅವರ ಇಷ್ಟ ಅನ್ನಲಾದೀತೇ? ಮುಂದೆ ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿದ್ದಾಗಲೇ ಸರ್ಕಾರ ಬಡ್ತಿ ಕೊಟ್ಟಿತು. ಮಹಿಳಾ ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1979ರ ತೀರ್ಪಿನಲ್ಲಿ ಕಟುವಾಗಿ ಖಂಡಿಸಿದರು. ಮುತ್ತಮ್ಮನವರ ಸೀನಿಯಾರಿಟಿಯನ್ನು ಮತ್ತೆ ಪರಿಶೀಲಿಸಲು ಕೋರ್ಟು ಹೇಳಿತು.

ಅಂಥ ನಿಯಮ ಈಗಿಲ್ಲ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಆದರೆ ಏಳೆಂಟು ಜನರ ಶಾಖೆಯಲ್ಲಿ ಕೂಸನ್ನು ಎಲ್ಲಿ ಬಿಡುವುದು? ರಜೆ ಮುಗಿಸಿ ಬಂದವಳಿಗೆ, "ಪಾಪ, ಮಗು ಚಿಕ್ಕದು, ಸಾಲದ ವಿಭಾಗ ಬೇಡ, ಕೌಂಟರಲ್ಲೇ ಇರಲಿ" ಅನ್ನುತ್ತಾರೆ. ಕಾಳಜಿಯಿಂದಲೇ ಅನ್ನುತ್ತಾರೆ. ಅವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ, ಸಾಲದ ಕೆಲಸವೇ ಗೊತ್ತಿಲ್ಲ, ಇವರನ್ನು ಮ್ಯಾನೇಜರ್ ಮಾಡುವುದು ಹೇಗೆ ಎಂಬ ಮಾತು ಬರುತ್ತದೆ. ನನಗೆ ಜಾಸ್ತಿ ಸಂಕಟವಾಗುವುದು ಇಲ್ಲೇ.

ಇದನ್ನು ಬದಲಾಯಿಸಬಹುದು ಸಾರ್. ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಾಗಿದ್ದಾಗ, ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳಲು ಮಹಿಳಾ ನೌಕರರು ಎರಡು ವರ್ಷದವರೆಗೆ ರಜೆ ಪಡೆಯುವ ವ್ಯವಸ್ಥೆ ತಂದರು. ಯಾವ ಊರಿಗೆ ಹಾಕುತ್ತಾರೆಂದು ಮೊದಲೇ ಹೇಳಿದರೂ ಎಷ್ಟೋ ಜನ ಧೈರ್ಯ ಮಾಡುತ್ತಾರೆ. ಒಮ್ಮೆ ಬೇಡ ಎಂದವರನ್ನು ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೇಳಲಿ.

ನಿಮ್ಮ ಶಾಖೆಯಲ್ಲಿ ಹಾಗೆ ಬರೆದುಕೊಟ್ಟವರು ಯಾರಾದರೂ ಈಗಲೂ ಸಂಪರ್ಕದಲ್ಲಿದ್ದರೆ, ಕಾರಣ ಏನಿತ್ತೆಂದು ಒಮ್ಮೆ ವಿಚಾರಿಸಿ. ಅವರು ಒಪ್ಪಿದರೆ ನಮಗೆ ಬರೆದು ತಿಳಿಸಿ. ಹೆಸರು ಹಾಕದೆ ಪ್ರಕಟಿಸುತ್ತೇವೆ.

– ಸಂಪಾದಕರು