ಬ್ರೇಕ್ ಹಾಕಿದಾಗ ರೈಲಿನ ಮೋಟಾರು ವಿದ್ಯುತ್ ಉತ್ಪಾದಿಸುವುದು ಹೇಗೆ?

ಹುಬ್ಬಳ್ಳಿ ನಿಲ್ದಾಣದಿಂದ ವಿದ್ಯುತ್ ಎಂಜಿನ್ ಹೊರಡುವಾಗ ಹತ್ತಿರ ನಿಂತು ಕೇಳಿ. ಗುಂಯ್ಗುಡುವ ಸ್ವರ ಬದಲಾಗುತ್ತಾ ಹೋಗುತ್ತದೆ. ಒಳಗಿನ ಇನ್ವರ್ಟರ್ (ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತನ್ನು, ದಿಕ್ಕು ಬದಲಿಸುವ ಎಸಿ ಮಾಡುವ ಸಾಧನ) ಕೆಲಸ ಮಾಡುವ ಸದ್ದು ಅದು.

ತಂತಿಯಲ್ಲಿ ಬರುವುದು 25,000 ವೋಲ್ಟ್, 50 ಹರ್ಟ್ಸ್ ಏಕಫೇಸ್ ವಿದ್ಯುತ್. ಡಬ್ಲ್ಯುಎಪಿ-7ರಂಥ ಎಂಜಿನ್ ಅದರ ವೋಲ್ಟೇಜ್ ಇಳಿಸಿ, ಡಿಸಿ ಮಾಡಿ, ಮತ್ತೆ ಬೇಕಾದ ಆವರ್ತನದ (ಸೆಕೆಂಡಿಗೆ ಎಷ್ಟು ಆವರ್ತ ಎಂಬ ಲೆಕ್ಕ, ಹರ್ಟ್ಸ್‌ನಲ್ಲಿ) ಮೂರು ಫೇಸ್ ಎಸಿ ಆಗಿಸುತ್ತದೆ. ಆವರ್ತನ ಏರಿದಂತೆ ಮೋಟಾರಿನ ಕಾಂತಕ್ಷೇತ್ರ ಜೋರಾಗಿ ಸುತ್ತುತ್ತದೆ. ಗಾಲಿಯನ್ನು ತಿರುಗಿಸುವ ಒಳಭಾಗವಾದ ರೋಟರ್ ಅದರ ಬೆನ್ನು ಹತ್ತುತ್ತದೆ. ವೇಗ ನಿಯಂತ್ರಣದ ಗುಟ್ಟು ಇಷ್ಟೇ.

ಬ್ರೇಕಿನ ವಿಷಯ ಇನ್ನೂ ಸೊಗಸು. ನಾಲ್ಕು ಧ್ರುವಗಳ ಮೋಟಾರಿಗೆ 50 ಹರ್ಟ್ಸ್ ಕೊಟ್ಟರೆ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ಹಾಕುತ್ತದೆ, ರೋಟರ್ ಸುಮಾರು 1480. ಈಗ ಆವರ್ತನವನ್ನು 49ಕ್ಕೆ ಇಳಿಸಿ: ಕ್ಷೇತ್ರ 1470ಕ್ಕೆ ಬರುತ್ತದೆ, ಆದರೆ ರೈಲಿನ ಭಾರದ ಓಟದಿಂದ ರೋಟರ್ ಇನ್ನೂ 1480ರಲ್ಲೇ ಇದೆ. ಹಿಂದಿದ್ದದ್ದು ಮುಂದಾಯಿತು! ಆ ಕ್ಷಣವೇ ಮೋಟಾರು ಜನರೇಟರ್ ಆಗಿ, ಗಾಲಿಯನ್ನು ಹಿಡಿದೆಳೆಯುತ್ತಾ ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ.

ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂ ಕಡೆಗೆ ಇಳಿಯುವ 1:37ರಂಥ (37 ಮೀಟರಿಗೆ ಒಂದು ಮೀಟರ್ ಇಳಿಜಾರಿನ) ಘಟ್ಟದ ದಾರಿಯಲ್ಲಿ ಇದರ ಬೆಲೆ ತಿಳಿಯುತ್ತದೆ. ಬ್ರೇಕ್ ಬ್ಲಾಕ್‌ಗಳು ಕಾದು ಸವೆಯುವುದು ತಗ್ಗುತ್ತದೆ. ಆದರೂ ಗಾಳಿಯ ಒತ್ತಡದಿಂದ ನಡೆಯುವ ಏರ್ ಬ್ರೇಕ್ ಬೇಕೇ ಬೇಕು, ಏಕೆಂದರೆ ಹಿಂದಿನ ವ್ಯಾಗನ್‌ಗಳಲ್ಲಿ ಮೋಟಾರುಗಳಿಲ್ಲ.