ಬೋರ್‌ವೆಲ್ ಪುಡಿಯಲ್ಲಿ ಹಳದಿ ಹೊಳಪು

ಪ್ರಶ್ನೆ: ಚಿಕ್ಕನಾಯಕನಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಬೋರ್‌ವೆಲ್ ಕೊರೆಸಿದಾಗ ಹಸಿರುಗಪ್ಪು ಕಲ್ಲುಪುಡಿಯ ಜತೆ ಹಳದಿ ಹೊಳಪಿನ ಚೂರುಗಳು ಬಂದಿವೆ. ಚಿನ್ನವೇ, ತಾಮ್ರದ ಅದಿರೇ? ಪರೀಕ್ಷೆಗೆ ಏನು ಕಳಿಸಬೇಕು?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ಒಂದು ಚೂರನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಚಿನ್ನವಾದರೆ ಚಪ್ಪಟೆಯಾಗುತ್ತದೆ. ಕಪ್ಪು ಪುಡಿಯಾದರೆ ಸಲ್ಫೈಡ್, ಅಂದರೆ ಲೋಹ ಗಂಧಕದ ಜತೆ ಸೇರಿದ ಖನಿಜ. ಪದರ ಪದರ ಬಿಟ್ಟರೆ ಕಾಗೆಬಂಗಾರ. ಸಲ್ಫೈಡೇ ಆದರೆ ಸೂಜಿಯಿಂದ ಗೀಚಿ. ತಾಮ್ರವಿರುವ ಚಾಲ್ಕೊಪೈರೈಟ್‌ಗೆ ಗೀರು ಬೀಳುತ್ತದೆ, ಬರೀ ಕಬ್ಬಿಣದ ಸಲ್ಫೈಡಾದ ಪೈರೈಟ್‌ಗೆ ಸುಲಭಕ್ಕೆ ಬೀಳದು.

ನಿಮ್ಮದು ಚಿತ್ರದುರ್ಗ ಶಿಲಾಪಟ್ಟಿಯ ದಕ್ಷಿಣದ ಸೀಮೆ. ಇದೇ ಪಟ್ಟಿಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಇದೆ, ಅಂದರೆ ನೀರಿನಡಿ ಉಕ್ಕಿದ್ದು. ಇಂಗಳದಾಳಿನಲ್ಲಿ ತಾಮ್ರ ತೆಗೆದಿದ್ದಾರೆ. ನೀರಿನಡಿಯ ಲಾವಾ ಇರುವಲ್ಲಿ ಇಂಥ ಅದಿರು ಕೂರುವ ಬಗೆ ಇದು: ಕಡಲಡಿಯ ಬಿರುಕುಗಳಲ್ಲಿ ಇಳಿದ ನೀರು ಶಿಲಾಪಾಕದ ಕಾವಿಗೆ ಸುಮಾರು 350 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಕಲ್ಲಿನಿಂದ ಕಬ್ಬಿಣ, ತಾಮ್ರ, ಸತುವನ್ನು ಕರಗಿಸಿಕೊಂಡು ಮೇಲೇಳುತ್ತದೆ. ತಣ್ಣೀರು ತಾಗಿದೊಡನೆ ಅವು ಸಲ್ಫೈಡಾಗಿ ಕೂರುತ್ತವೆ: ಬಿಸಿಯಾದ ನಡುವೆ ತಾಮ್ರ, ಅಂಚಿನಲ್ಲಿ ಸತು, ಸೀಸ. 1979ರಲ್ಲಿ ಪೆಸಿಫಿಕ್ ತಳದಲ್ಲಿ ಇದು ನಡೆಯುತ್ತಿರುವುದನ್ನೇ ವಿಜ್ಞಾನಿಗಳು ಕಂಡರು.

ಬರೀ ಪೈರೈಟ್ ನಂಬಿ ಹಿಗ್ಗಬೇಡಿ. ಸುತ್ತಲ ಕಲ್ಲಿಗೆ ಏನಾಗಿದೆ ಎಂಬುದೇ ನಿಜವಾದ ಸುಳಿವು. ಬಿಸಿನೀರು ಹರಿದಲ್ಲಿ ಕಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ನಾಶವಾಗಿ ಸೋಡಿಯಂ, ಕ್ಯಾಲ್ಸಿಯಂ ಹೊರಟುಹೋಗುತ್ತವೆ. ಮೆಗ್ನೀಸಿಯಂ ಸೇರಿ ಕ್ಲೋರೈಟ್ ಎಂಬ ಹಸಿರು ಖನಿಜ ಆಗುತ್ತದೆ. ಪ್ರಯೋಗಾಲಯದಿಂದ ತಾಮ್ರ, ಸತು, ಸೀಸದ ಜತೆ ಈ ನಾಲ್ಕು ಆಕ್ಸೈಡ್‌ಗಳ ಶೇಕಡಾವಾರು ಕೇಳಿ: ಪೊಟ್ಯಾಷಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಯಾಲ್ಸಿಯಂ. ಮೊದಲೆರಡರ ಮೊತ್ತವನ್ನು ನಾಲ್ಕರ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ. ಕಲ್ಲು ಎಷ್ಟು ಬದಲಾಗಿದೆ ಎನ್ನುವ ಸೂಚ್ಯಂಕ ಅದು. ಉದಾಹರಣೆಗೆ 1, 12, 0.3, 1.7 ಬಂದರೆ ಸೂಚ್ಯಂಕ 87. ಕಲ್ಲು ಚೆನ್ನಾಗಿ ಬದಲಾಗಿದೆ. ಕೆಡದ ಬಸಾಲ್ಟ್‌ನಲ್ಲಿ (ಲಾವಾ ಗಟ್ಟಿಯಾದ ಕಪ್ಪು ಕಲ್ಲು) ಅದು 40ರ ಆಸುಪಾಸು. ಆದರೆ ಬಳಪದ ಕಲ್ಲಿನಲ್ಲಿ ಮೆಗ್ನೀಸಿಯಂ ಹುಟ್ಟಿನಿಂದಲೇ ಹೆಚ್ಚು, ಸೂಚ್ಯಂಕ ಸುಮ್ಮನೆ ಏರುತ್ತದೆ. ಅಂಥ ಕಲ್ಲಿನಲ್ಲಿ ಕ್ರೋಮಿಯಂ, ನಿಕ್ಕಲ್ ಕೂಡ ಹೆಚ್ಚು, ಅವನ್ನೂ ನೋಡಿಸಿದರೆ ಈ ಮೋಸ ಗೊತ್ತಾಗುತ್ತದೆ. ಕಲ್ಲಿನಲ್ಲಿ ಕ್ಯಾಲ್ಸಿಯಂ ತುಂಬಿದ ಕ್ಯಾಲ್ಸೈಟ್ ಖನಿಜ ಇದ್ದರೆ ಉಲ್ಟಾ, ಸೂಚ್ಯಂಕ ಇಳಿಯುತ್ತದೆ.

ಪುಡಿಯನ್ನು ತೊಳೆದು ಕಳಿಸಬೇಡಿ. ಹೊಳೆಯುವುದನ್ನಷ್ಟೇ ಆರಿಸಿಯೂ ಕಳಿಸಬೇಡಿ, ಫಲಿತಾಂಶ ಸುಳ್ಳಾಗಿ ಏರುತ್ತದೆ. ಬಾಯಿಯ ಸುತ್ತ ಬಿದ್ದ ರಾಶಿಯಲ್ಲಿ ಎಲ್ಲ ಆಳದ ಕಲ್ಲೂ ಬೆರೆತಿರುತ್ತದೆ. ಮುಂದೆ ಕೊರೆಸುವಾಗ ರಾಡ್‌ಗೊಂದು ಚೀಲದಂತೆ, ಒಂದೆರಡು ಕಿಲೋ ಹಿಡಿದು ಆಳ ಬರೆದಿಡಿ.

ಪ್ರಶ್ನೆ: ಕೋಲಾರದ ಚಿನ್ನವೂ ಜ್ವಾಲಾಮುಖಿ ಶಿಲೆಯಲ್ಲೇ ಇದೆಯಲ್ಲ, ಅದೂ ಹೀಗೇ ಆದದ್ದೇ?
— ಓದುಗರು, ಬಂಗಾರಪೇಟೆ

ಉತ್ತರ: ಅಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಎಂಬ ಚಿನ್ನದ ಎಳೆ ಲಾವಾದ ಜತೆ ಕಡಲತಳದಲ್ಲಿ ಕೂತದ್ದಲ್ಲ. ಲಾವಾ ಗಟ್ಟಿಯಾಗಿ, ಮಡಿಚಿ, ಕಾವು ಒತ್ತಡಕ್ಕೆ ಆಂಫಿಬೊಲೈಟ್ ಎಂಬ ಬೇರೆ ಕಲ್ಲೇ ಆದ ಮೇಲೆ ಆಳದಿಂದ ಬಂದ ಬಿಸಿ ದ್ರವ ಬಿರುಕುಗಳಲ್ಲಿ ತುಂಬಿದ ಬೆಣಚುಕಲ್ಲಿನ ಎಳೆ ಅದು.